ಮೇಲಿನ ಬೀದಿಯಲ್ಲಿ ಗಾಳಿ ಅಳೆದದ್ದು

ಮೀಟರಿನ ಗಾಜು ಒರೆಸಲು ಕಂಪನಿಯವರು ನನಗೆ ಕೊಟ್ಟದ್ದು ಒಂದು ಬಿಳಿ ಬಟ್ಟೆ. ಅದನ್ನು ಆರಿಸಿದವರು ನಮ್ಮ ಕಡೆಯ ಕೆಮ್ಮಣ್ಣನ್ನು ಕಂಡವರಲ್ಲ. ಮೂರನೇ ಮನೆ ಮುಗಿಯುವಷ್ಟರಲ್ಲಿ ಅದು ಕುಂಕುಮದ ಪೊಟ್ಟಣದ ಹಾಗಾಯಿತು. ನಾಲ್ಕನೇ ಮನೆಯಿಂದ ಸೀರೆಯ ಸೆರಗೇ ಗತಿ.

ಊರಿನ ಹೆಸರು ಹೇಳುವುದಿಲ್ಲ. ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವ ಬಸ್ಸುಗಳು ನಿಲ್ಲುವ ಊರುಗಳಲ್ಲಿ ಒಂದು ಎಂದರೆ ಸಾಕು. ಆ ವರ್ಷ ಊರಿನ ನೀರು ಸರಬರಾಜನ್ನು ಒಂದು ಕಂಪನಿಗೆ ವಹಿಸಿದರು. ಪಂಪು, ಟ್ಯಾಂಕು, ಪೈಪು, ವಾಲ್ವು ಎಲ್ಲ ಕಂಪನಿಯ ಕೈಗೆ ಹೋದವು. ಮೂವತ್ತು ವರ್ಷದಿಂದ ನೀರು ಬಿಡುತ್ತಿದ್ದ ಹಳೆಯ ವಾಲ್ವಿನವರೂ ಆ ಸಾಮಾನಿನ ಪಟ್ಟಿಯ ಜೊತೆಯಲ್ಲೇ ಕಂಪನಿಗೆ ವರ್ಗವಾದರು. ಮೀಟರ್ ಓದಲು ಹೊಸದಾಗಿ ಸೇರಿದವಳು ನಾನು. ಶೆಟ್ಟಿಕೊಪ್ಪದಿಂದ ಬೆಳಗಿನ ಬಸ್ಸಿಗೆ ಬಂದು, ಒಂದು ಮೊಬೈಲು, ಗುರುತಿನ ಚೀಟಿಯ ಒಂದು ಕೊರಳಪಟ್ಟಿ, ಆ ಬಿಳಿ ಬಟ್ಟೆ ಹಿಡಿದು ಮನೆ ಮನೆ ತಿರುಗುವುದು ಕೆಲಸ.

ಕಲಿಸಿದವರು ಸೈಟ್ ಇಂಜಿನಿಯರು. ಬಿಜಾಪುರದ ಕಡೆಯವರು. ಮದುವೆಯಾಗದ ಹುಡುಗ, ಬಲು ಮರ್ಯಾದಸ್ಥ. ನನಗಿಂತ ಹದಿನೈದು ವರ್ಷ ಚಿಕ್ಕವರಾದರೂ ಅವರಿಗೆ ನಾನು ‘ಸರ್’ ಅನ್ನಬೇಕು, ಅವರು ನನಗೆ ‘ಅಕ್ಕಾರ’ ಅನ್ನುತ್ತಿದ್ದರು.

“ನೋಡ್ರಿ ಅಕ್ಕಾರ, ಕರೀ ಅಂಕಿ ಅಂದ್ರ ಸಾವಿರ ಲೀಟರ್ ಲೆಕ್ಕ. ಕೆಂಪು ಅಂಕಿ ಚಿಲ್ಲರೆ. ನಡುವ ಈ ಸಣ್ಣ ನಕ್ಷತ್ರ ಐತಲ್ಲ, ಅದು ತಿರಗಾಕತ್ತಿದ್ರ ನೀರು ಹರಿಯಾಕತ್ತೈತಿ ಅಂತ ತಿಳೀರಿ. ಗಾಜು ಒರಸ್ರಿ, ಫೋಟೋ ಹೊಡೀರಿ, ಅಪ್‌ಲೋಡ್ ಮಾಡ್ರಿ. ಮುಗೀತು.”

ಮುಗಿಯುತ್ತಿರಲಿಲ್ಲ. ಫೋಟೋ ಹೋಗಬೇಕಾದರೆ ನಾನು ಆ ಮನೆಯ ಮುಂದೆಯೇ ಇದ್ದೇನೆಂದು ಮೊಬೈಲಿಗೆ ಖಾತ್ರಿಯಾಗಬೇಕು. ಕಂಪನಿಯ ನಕ್ಷೆಯಲ್ಲಿ ಕೆಳಬೀದಿಯ ಹನ್ನೊಂದು ಮನೆಗಳು ಕೆರೆಯ ನಡುವೆ ಇದ್ದವು. ಅವುಗಳ ರೀಡಿಂಗ್ ಕಳಿಸಲು ನಾನು ಕೆರೆಯ ಏರಿಯ ಮೇಲೆ ನಿಂತು, ಕೈ ಚಾಚಿ, ಮೊಬೈಲನ್ನು ನೀರಿನ ಮೇಲೆ ಹಿಡಿಯಬೇಕಾಗಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಾನು ಮೀನಿನ ಫೋಟೋ ತೆಗೆಯುತ್ತಿದ್ದೇನೆಂದು ತಿಳಿದಿದ್ದರು.

ಮನೆಗಳಲ್ಲಿ ಮೀಟರನ್ನು ಹುಡುಕುವುದೇ ಒಂದು ವಿದ್ಯೆ. ಒಬ್ಬರು ಬಿಸಿಲಿಗೆ ಕೆಡಬಾರದೆಂದು ಅದಕ್ಕೆ ಗೋಣಿ ಸುತ್ತಿದ್ದರು. ಇನ್ನೊಬ್ಬರು ಅದರ ಮೇಲೆ ತುಳಸಿ ಕುಂಡ ಇಟ್ಟು, ಕುಂಡ ಸರಿಸಲು ಮಡಿಯ ಪ್ರಶ್ನೆ ಎತ್ತಿದರು. ಒಂದು ಮನೆಯ ಮೀಟರ್ ಗುಂಡಿಯಲ್ಲಿ ಕಪ್ಪೆಯೊಂದು ಕಾಯಂ ವಾಸವಿತ್ತು. ಅದು ಪ್ರತಿ ಸಲವೂ ಗಾಜಿನ ಮೇಲೇ ಕೂತಿರುತ್ತಿತ್ತು. ಅಲ್ಲಿನ ಮೊದಲ ಫೋಟೋದಲ್ಲಿ ಕಪ್ಪೆಯೇ ಚೆನ್ನಾಗಿ ಬಂದಿದೆ.

ಮೊದಲ ತಿಂಗಳ ಓದು ಮುಗಿದ ಮರುದಿನ ಇಂಜಿನಿಯರು ಕರೆಸಿದರು. ಮುಖ ಸಪ್ಪಗಿತ್ತು.

“ಅಕ್ಕಾರ, ಮ್ಯಾಲಿನ ಬೀದಿ ಓದೂದ್ರಾಗ ಏನೋ ತಪ್ಪಾಗೈತಿ.”

ಮೇಲಿನ ಬೀದಿ ಎಂದರೆ ಊರಿನ ತುದಿಯ ಏರಿನಲ್ಲಿರುವ ಇಪ್ಪತ್ತೆರಡು ಮನೆಗಳು. ಗುಡ್ಡದ ಟ್ಯಾಂಕಿನಿಂದ ಹೊರಟ ಪೈಪು ಇಳಿದು ಕೆಳಬೀದಿಗೆ ಬಂದು, ಅಲ್ಲಿಂದ ಮತ್ತೆ ಏರಿ ಮೇಲಿನ ಬೀದಿಗೆ ಹೋಗುತ್ತದೆ. ಕೆಳಬೀದಿಯವರು ಕುಡಿದು, ತೊಳೆದು, ಮಿಂದು ಉಳಿದರೆ ಮಾತ್ರ ಮೇಲಿನವರಿಗೆ. ದಿನ ಬಿಟ್ಟು ದಿನ, ಅದೂ ಮುಕ್ಕಾಲು ಗಂಟೆ. ಆದರೆ ನನ್ನ ಪಟ್ಟಿಯಲ್ಲಿ ಊರಿನಲ್ಲೆಲ್ಲ ಹೆಚ್ಚು ನೀರು ಬಳಸಿದವರು ಅವರೇ. ಅದರಲ್ಲೂ ತೀರ ಕೊನೆಯ ಮನೆಯದು ಒಂದು ಸಣ್ಣ ಹೋಟೆಲಿನ ಲೆಕ್ಕ.

ಕೊನೆಯ ಮನೆಯಲ್ಲಿ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಮತ್ತು ಅವರ ಅಣ್ಣ. ಅಣ್ಣ ಮಾತಾಡುವವರಲ್ಲ. ತಂಗಿ ಇಬ್ಬರ ಪಾಲಿನದನ್ನೂ ಮಾತಾಡುವವರು. ನನಗೆ ಏಳನೇ ತರಗತಿಯಲ್ಲಿ ಲೆಕ್ಕ ಕಲಿಸಿದ್ದರು. ಕಲಿಸಿದ್ದರು ಎಂಬುದು ಅವರ ಹೇಳಿಕೆ.

ಮತ್ತೆ ಓದಲು ಹೋದಾಗ ಅವರು ಬಿಲ್ಲು ಹಿಡಿದು ಜಗಲಿಯಲ್ಲೇ ಕಾದಿದ್ದರು.

“ಎಂತ ಕೂಸೇ, ಇದು ನೀನು ಓದಿದ್ದನಾ?”

“ಹೌದು ಟೀಚರ್. ಮೀಟರಲ್ಲಿ ಇದ್ದದ್ದೇ ಬರೆದದ್ದು.”

“ಗುಣಿಸುವಾಗ ಸೊನ್ನೆ ಸೇರಿಸೋ ಚಟ ಇನ್ನೂ ಬಿಟ್ಟಿಲ್ಲ ನೀನು.” ಒಳಗಿನಿಂದ ಒಂದು ಹಳೆಯ ಹಾಜರಿ ಪುಸ್ತಕ ತಂದರು. ನೀರು ಬಂದ ಪ್ರತಿ ದಿನದ ಎದುರು ಗೀಟುಗಳು. ಒಂದು ಗೀಟಿಗೆ ಒಂದು ಕೊಡ. “ನೋಡು, ತಿಂಗಳಿಡೀ ಹಿಡಿದ ನೀರು ಇಷ್ಟು. ಉಳಿದ ನೀರು ಯಾರು ಕುಡಿದ್ರು? ನಮ್ಮಣ್ಣನಾ?”

ಅಣ್ಣ ಪೇಪರಿನ ಹಿಂದಿನಿಂದ ತಲೆ ಎತ್ತಿ, ಇಲ್ಲವೆಂದು ಆಡಿಸಿ, ಮತ್ತೆ ಮರೆಯಾದರು.

ಗಾಜು ಒರೆಸಿ ಮೂರು ಸಲ ಓದಿದೆ. ಅವರೂ ಕನ್ನಡಕ ಹಾಕಿ ಓದಿದರು. ಅಂಕಿ ಸರಿಯಾಗಿತ್ತು. ಗೀಟುಗಳೂ ಸರಿಯಾಗಿದ್ದವು. ಎರಡೂ ಸರಿ, ಆದರೆ ಒಂದಕ್ಕೊಂದು ತಾಳೆಯಿಲ್ಲ.

ಇಂಜಿನಿಯರು ಹೊಸ ಮೀಟರು ತಂದು ಕೂರಿಸಿದರು. ಹೊಸದು ಇನ್ನೂ ಚುರುಕಾಗಿ ಓಡಿತು. ಪೈಪು ಒಡೆದಿದೆಯೇ ಎಂದು ಅಂಗಳ ಅಗೆಸಿದರು. ಸಿಕ್ಕಿದ್ದು ಟೀಚರಮ್ಮ ಹಿಂದೆಂದೋ ಕಳೆದುಕೊಂಡ ಒಂದು ಹಿತ್ತಾಳೆ ಸೌಟು. ಅದನ್ನು ಅವರು ಇಸಿದುಕೊಂಡರು, ಬಿಲ್ಲನ್ನು ಮಾತ್ರ ವಾಪಸು ಕೊಟ್ಟರು. “ಕುಡಿದ ನೀರಿಗೆ ಕೊಡ್ತೇನೆ. ಕುಡಿಯದ್ದಕ್ಕೆ ಕೊಡೋದಿಲ್ಲ.” ಮೇಲಿನ ಬೀದಿಯ ಉಳಿದವರೂ ಹಾಗೇ ಅಂದರು.

ಎರಡನೇ ತಿಂಗಳೂ ಅದೇ ಕತೆಯಾದಾಗ ನಗರದ ಕಚೇರಿಯಿಂದ ಮೇಲ್ ಬಂತು. ಬಾಕಿ ಉಳಿಸಿಕೊಂಡವರ ಸಂಪರ್ಕ ಕಡಿಯಬೇಕು, ಮೊದಲು ಕೊನೆಯ ಮನೆಯದು. ಕಡಿದ ಮೀಟರಿನ ಜೊತೆ ಫೋಟೋ ತೆಗೆದು ಕಳಿಸಬೇಕಾದವಳು ನಾನು. ಜೊತೆಗೆ ಇನ್ನೊಂದು ಸಾಲಿತ್ತು: ತಪ್ಪು ರೀಡಿಂಗು ಮೂರು ಸಲ ಕಂಡುಬಂದರೆ ಓದುವವರನ್ನು ಬದಲಿಸಲಾಗುವುದು. ಎರಡು ಆಗಿಹೋಗಿತ್ತು. ಅವತ್ತು ಬಸ್ಸಿನಲ್ಲಿ ನನಗೆ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ. ಸಂಬಳ ದೊಡ್ಡದಲ್ಲ. ಆದರೆ ಮನೆಯಲ್ಲಿ ಬೇರೆ ಸಂಬಳ ಇರಲಿಲ್ಲ.

ಗುಟ್ಟು ಗೊತ್ತಾದದ್ದು ಬಸ್ಸು ಬೇಗ ಬಂದ ಕಾರಣಕ್ಕೆ. ಒಂದು ನೀರಿನ ದಿನ ಡ್ರೈವರಿಗೆ ಎಲ್ಲಿಗೋ ಅವಸರವಿತ್ತು. ನಾನು ಏಳು ಗಂಟೆಗೇ ಮೇಲಿನ ಬೀದಿಯಲ್ಲಿದ್ದೆ. ನೀರು ಇನ್ನೂ ಬಂದಿರಲಿಲ್ಲ. ಟೀಚರಮ್ಮನ ಅಣ್ಣ ನಲ್ಲಿ ತಿರುಗಿಸಿ, ಕೆಳಗೆ ಕೊಡ ಇಟ್ಟು, ಪಕ್ಕದಲ್ಲಿ ಮಣೆ ಹಾಕಿ ಕೂತಿದ್ದರು. ನಲ್ಲಿ ಮೊದಲು ಬಿಕ್ಕಳಿಸಿತು. ಆಮೇಲೆ ಸಿಳ್ಳೆ ಹಾಕತೊಡಗಿತು. ಸಣ್ಣ ಸಿಳ್ಳೆಯಲ್ಲ, ಘಾಟಿಯ ತಿರುವಿನಲ್ಲಿ ಲಾರಿ ಹಾಕುವಂಥದ್ದು. ನಾಯಿ ಎದ್ದು ಓಡಿತು. ನಾನು ಯಾಕೋ ಗುಂಡಿಯ ಮುಚ್ಚಳ ಎತ್ತಿ ನೋಡಿದೆ. ಮೀಟರಿನ ನಕ್ಷತ್ರ ಕಣ್ಣಿಗೆ ಕಾಣದ ವೇಗದಲ್ಲಿ ತಿರುಗುತ್ತಿತ್ತು. ಕೆಂಪು ಅಂಕಿಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಕೊಡದಲ್ಲಿ ಒಂದು ಹನಿಯೂ ಇರಲಿಲ್ಲ.

ನಲ್ಲಿಯ ಬಾಯಿಗೆ ಅಂಗೈ ಒಡ್ಡಿದೆ. ತಣ್ಣಗಿನ ಗಾಳಿ.

“ಪ್ರತಿ ಸಲ ಹೀಗೇ ಊದ್ತದಾ?” ಎಂದೆ.

“ಹೂಂ,” ಎಂದರು ಅಣ್ಣ. “ಚಾ ಕುಡಿದು ಬರೋವಷ್ಟು ಹೊತ್ತು.” ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ನೇರವಾಗಿ ವಾಲ್ವಿನವರ ಹತ್ತಿರ ಹೋದೆ. ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಗಾಳಿ ಅಲ್ಲದೆ ಎಂತ ಬರ್ತದೆ ಮಾರಾಯ್ತಿ? ನಾನು ವಾಲ್ವ್ ಬಂದ್ ಮಾಡಿದ ಮೇಲೂ ಕೆಳಬೀದಿಯೋರು ಪೈಪಲ್ಲಿ ಇದ್ದದ್ದನ್ನ ಎಳ್ಕಳ್ತಾರೆ. ಏರಿನ ಪೈಪು ಖಾಲಿ ಆಗ್ತದೆ. ಹಳೇ ಜಾಯಿಂಟಲ್ಲಿ ಗಾಳಿ ಹೊಕ್ತದೆ. ಮತ್ತೆ ನೀರು ಬಿಟ್ರೆ ಆ ಗಾಳೀನ ಮುಂದೆ ದೂಡ್ಕೊಂಡು ಹೋಗ್ತದೆ. ಮೇಲೆ ಹೋಗಿ ಹೊರಡಬೇಕಲ್ಲ ಅದು, ಎಲ್ಲಿ ಹೊರಡ್ತದೆ?”

“ಮೊದಲು ಎಲ್ಲಿ ಹೊರಡ್ತಿತ್ತು?”

“ಟೀಚರಮ್ಮನ ಗೇಟಿನ ಪಕ್ಕ ಬೀದಿ ನಲ್ಲಿ ಇತ್ತಲ್ಲ. ಅದನ್ನ ಬಿಟ್ಟಿಟ್ಟೇ ನಾನು ವಾಲ್ವ್ ಎತ್ತತಿದ್ದೆ. ಗಾಳಿ ಎಲ್ಲ ಅಲ್ಲೇ ಹೋಗ್ತಿತ್ತು. ಅದಕ್ಕೆ ಮೀಟರ್ ಇಲ್ಲ, ಎಷ್ಟು ಊದಿದ್ರೂ ಯಾರಿಗೆ ಎಂತ?”

ಊರಿನ ಬೀದಿ ನಲ್ಲಿಗಳನ್ನು ಕಂಪನಿ ಮೊದಲ ವಾರದಲ್ಲೇ ತೆಗೆಸಿತ್ತು. ಲೆಕ್ಕಕ್ಕೆ ಸಿಗದ ನೀರು ಹೋಗುವ ಜಾಗಗಳೆಂದು ಅವರ ಪಟ್ಟಿಯಲ್ಲಿತ್ತು. ದಾರಿಹೋಕರಿಗೆ, ದನಗಳಿಗೆ, ಮನೆಗೆ ಸಂಪರ್ಕ ಇಲ್ಲದವರಿಗೆ ತೊಂದರೆಯಾಯಿತೆಂದು ಆಗ ಜನ ಗೊಣಗಿದ್ದರು. ಆ ನಲ್ಲಿ ಇಡೀ ಬೀದಿಯ ಮೂಗು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದ ಒಬ್ಬರು, ಈ ವಾಲ್ವಿನವರು, ಹೇಳಿದ್ದರಂತೆ. ಅವರ ಮಾತನ್ನು ಹಳೆಯವರ ಕತೆ ಎಂದು ಬಿಟ್ಟಿದ್ದರು.

ಇಂಜಿನಿಯರು ನನ್ನ ಮಾತನ್ನು ಸುಳ್ಳೆನ್ನಲಿಲ್ಲ. ಹಣೆ ಉಜ್ಜಿಕೊಂಡರು. “ಇಪ್ಪತ್ನಾಕು ತಾಸೂ ಪೈಪ್ ತುಂಬಿದ್ರ ಗಾಳಿ ಬರಂಗಿಲ್ರಿ. ನಮ್ಮ ಪ್ಲಾನಿನ್ಯಾಗ ಹಂಗ ಐತಿ.” ಅದೂ ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಹೊಳೆಯಲ್ಲಿ ಅಷ್ಟು ನೀರಿರಬೇಕಲ್ಲ, ಅದು ಪ್ಲಾನಿನಲ್ಲಿ ಇರಲಿಲ್ಲ. ಪೈಪು ಖಾಲಿಯಾಗುವಾಗ ಮೀಟರು ಹಿಂದಕ್ಕಾದರೂ ತಿರುಗಬಾರದೇ ಎಂದು ಕೇಳಿದೆ. ಒಳಗೆ ತಡೆ ಇದೆ, ಮುಂದಕ್ಕೆ ಮಾತ್ರ ಓಡುತ್ತದೆ ಎಂದರು. ಆ್ಯಪಿನಲ್ಲಿ ಕಾರಣ ಬರೆಯೋಣವೆಂದರೆ ಅಲ್ಲಿದ್ದ ಆಯ್ಕೆಗಳು ಮೂರೇ: ಬೀಗ ಹಾಕಿದೆ, ನಾಯಿ ಇದೆ, ಮೀಟರ್ ಒಡೆದಿದೆ. ಇಪ್ಪತ್ತೆರಡು ಮನೆಗೂ ‘ನಾಯಿ ಇದೆ’ ಎಂದು ಒತ್ತಿದೆ. ಅಲ್ಲಿಗೆ ನಾಯಿ ಹಿಡಿಯುವವರನ್ನು ಕಳಿಸುವ ವಿಚಾರವಾಗಿ ನಗರದಿಂದ ಫೋನು ಬಂತು.

ಅಷ್ಟರಲ್ಲಿ ನಗರದಿಂದ ಕಂಪನಿಯ ಮ್ಯಾನೇಜರು ಬರುವ ಸುದ್ದಿ ಬಂತು. ಬೆಳಿಗ್ಗೆ ಕೆಲಸ ನೋಡಿ, ಬಾಕಿಯವರ ಜೊತೆ ತಾವೇ ಮಾತಾಡಿ, ಬಗ್ಗದಿದ್ದರೆ ಸಂಪರ್ಕ ಕಡಿಸಿ, ಮಧ್ಯಾಹ್ನದೊಳಗೆ ಶೃಂಗೇರಿಗೆ ದರ್ಶನಕ್ಕೆ ಮುಟ್ಟುವುದು ಅವರ ಕಾರ್ಯಕ್ರಮ. ಗಾಳಿಯನ್ನು ಅವರ ಕಣ್ಣಿಗೆ ತೋರಿಸಬೇಕು ಎಂದು ನಾನೂ ಟೀಚರಮ್ಮನೂ ನಿಶ್ಚಯಿಸಿದೆವು. ಮೊದಲು ಬಲೂನಿನಲ್ಲಿ ಪ್ರಯೋಗ ಮಾಡಿದೆವು. ನಲ್ಲಿಗೆ ಸಿಕ್ಕಿಸಿದ ಬಲೂನು ಉಬ್ಬಿ ಉಬ್ಬಿ ಪಟ್ಟೆಂದು ಒಡೆದು, ಒಂದು ಚೂರು ಅಣ್ಣನ ಚಹಾದಲ್ಲಿ ಬಿತ್ತು. ಬಲೂನು ಸಾಲದೆಂದು ಗೊಬ್ಬರದ ಚೀಲದ ಒಳಗಿರುತ್ತದಲ್ಲ, ಆ ದೊಡ್ಡ ಪ್ಲಾಸ್ಟಿಕ್ ಕವರು ತೊಳೆದು ಒಣಗಿಸಿಟ್ಟೆವು.

ಆ ದಿನ ಮ್ಯಾನೇಜರು ಎಂಟೂವರೆಗೆ ಬಂದರು. ಇಸ್ತ್ರಿ ಮಾಡಿದ ತಿಳಿ ಬಣ್ಣದ ಪ್ಯಾಂಟು. ಮೇಲಿನ ಬೀದಿಯವರೆಲ್ಲ ಟೀಚರಮ್ಮನ ಅಂಗಳದಲ್ಲಿ ಸೇರಿದ್ದರು. ಅವರು ಲ್ಯಾಪ್‌ಟಾಪ್ ತೆರೆದು ದೂರದ ದೇಶಗಳ ನಗರಗಳ ಚಿತ್ರ ತೋರಿಸಿದರು.

“ನೋಡಿ, ಪ್ರಪಂಚದ ಎಷ್ಟೋ ಸಿಟಿಗಳಲ್ಲಿ ವಾಟರ್ ಸಪ್ಲೈ ಕಂಪನಿಗಳೇ ನಡೆಸ್ತಾವೆ. ಜನ ಖುಷಿಯಾಗಿದ್ದಾರೆ.”

“ಕೆಲವು ಊರಿನೋರು ಕೊಟ್ಟು, ಬೇಡಪ್ಪಾ ಅಂತ ವಾಪಸ್ ತಗೊಂಡ್ರಂತಲ್ಲ?” ಎಂದರು ಟೀಚರಮ್ಮ. “ಪೇಪರಲ್ಲಿ ಓದಿದ್ದೆ.”

“ಅದು... ಅಲ್ಲಿಯ ಪರಿಸ್ಥಿತಿ ಬೇರೆ, ಮೇಡಂ.”

“ಖುಷಿಯಾಗಿರೋರ ಪರಿಸ್ಥಿತಿ ಮಾತ್ರ ನಮ್ಮದೇನಾ?”

ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚಿ, ಗಾಳಿ ಎಲ್ಲಿ ತೋರಿಸಿ ಎಂದರು. ನಾನು ಕವರನ್ನು ನಲ್ಲಿಗೆ ಬಾಳೆನಾರಿನಿಂದ ಬಿಗಿದು ತಿರುಗಿಸಿದೆ.

ನೀರು ಬಂತು. ಒಂದು ಬಿಕ್ಕಳಿಕೆಯೂ ಇಲ್ಲದೆ, ಸಿಳ್ಳೆಯೂ ಇಲ್ಲದೆ, ತಣ್ಣಗೆ, ಒಳ್ಳೆಯ ಮನೆತನದ ನೀರು.

ನಲ್ಲಿ ಮುಚ್ಚಿ ಕವರಿನ ನೀರು ಚೆಲ್ಲಿದೆ. ಇಂಜಿನಿಯರು ನೆಲ ನೋಡುತ್ತಿದ್ದರು. ಆಮೇಲೆ ಗೊತ್ತಾಯಿತು: ಸಾಹೇಬರು ಬರುವಾಗ ಎಲ್ಲೆಡೆ ನೀರಿರಬೇಕೆಂದು ಅವರೇ ವಾಲ್ವಿನವರಿಗೆ ಹೇಳಿ ಐದು ಗಂಟೆಗೇ ನೀರು ಬಿಡಿಸಿದ್ದರು. ಗಾಳಿ ಎಲ್ಲ ಆಗಲೇ ಮೀಟರು ತಿರುಗಿಸಿ, ಬಿಲ್ಲು ಬರೆಸಿ, ಹೋಗಿಯಾಗಿತ್ತು.

“ಸೋ,” ಎಂದರು ಮ್ಯಾನೇಜರು, ಗಡಿಯಾರ ನೋಡಿಕೊಂಡು. “ಡಿಸ್‌ಕನೆಕ್ಟ್ ಮಾಡಿ. ನಾನು ಹೊರಡಬೇಕು.”

ಸ್ಪಾನರು ನನ್ನ ಚೀಲದಲ್ಲೇ ಇತ್ತು. ಎರಡು ನಟ್ಟು ಬಿಚ್ಚಿ ಒಂದು ಫೋಟೋ ತೆಗೆದರೆ ನನ್ನ ಕೆಲಸ ಉಳಿಯುತ್ತಿತ್ತು. ಟೀಚರಮ್ಮ ನನ್ನನ್ನೇ ನೋಡುತ್ತಿದ್ದರು. ಏಳನೇ ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸಿದಾಗಲೂ ಹೀಗೇ ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಕಾಯುತ್ತಿದ್ದರು. ನಾನು ಸ್ಪಾನರು ತೆಗೆಯುವ ಬದಲು ಮೊಬೈಲು ತೆಗೆದು, ಹಿತ್ತಲಿಗೆ ಹೋಗಿ, ವಾಲ್ವಿನವರಿಗೆ ಫೋನು ಮಾಡಿದೆ.

“ವಾಲ್ವ್ ಬಂದ್ ಮಾಡಿ. ಪೂರ್ತಿ.”

“ಈಗಲಾ? ಸಾಹೇಬ್ರು ಅಲ್ಲೇ ಇದಾರಲ್ಲ! ಕೆಲಸ ಹೋಗ್ತದೆ ಮಾರಾಯ್ತಿ.”

“ನಂದು ಮೊದಲು ಹೋಗ್ತದೆ. ನಾನು ಹೇಳಿದೆ ಅಂತಲೇ ಹೇಳಿ. ಕೆಳಬೀದಿಯೋರಿಗೆ ಎಲ್ಲಾ ನಲ್ಲಿ ತಿರುಗಿಸೋದಕ್ಕೆ ಹೇಳಿ.”

ಅವರು ಬಾಯಲ್ಲಿದ್ದ ಎಲೆ ಉಗುಳಿದ ಸದ್ದು ಕೇಳಿತು. “ಅದೊಂದು ಹೇಳಿಕೊಡಬೇಕಾ ಅವರಿಗೆ,” ಎಂದು ಫೋನಿಟ್ಟರು.

ಏರಿನ ಪೈಪು ಖಾಲಿಯಾಗಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಮ್ಯಾನೇಜರನ್ನು ಹಿಡಿದಿಡಬೇಕು. ನಾನು ಟೀಚರಮ್ಮನ ಕಿವಿಯಲ್ಲಿ ಹೇಳಿದ್ದು ಇಷ್ಟೇ: “ತಿಂಡಿ.”

“ಬಂದೋರು ಬರಿಹೊಟ್ಟೆಲಿ ಸಂಪರ್ಕ ಕಡಿಯೋದಾ!” ಎಂದು ಅವರು ಮ್ಯಾನೇಜರ ಮುಂದೆ ಬಾಳೆಲೆ ಹಾಕಿಯೇಬಿಟ್ಟರು. ಕಡುಬು ಬಂತು, ಚಟ್ನಿ ಬಂತು, ಜೋನಿಬೆಲ್ಲ ಬಂತು. ನಾಲ್ಕನೇ ಕಡುಬಿಗೆ ಮ್ಯಾನೇಜರು ಕೈ ಅಡ್ಡ ಹಿಡಿದಾಗ ಹಾಜರಿ ಪುಸ್ತಕ ಬಂತು. “ಈ ಪುಟ ಕೂಡಿ ನೋಡನ. ಬಾಯಲ್ಲೇ. ಕ್ಯಾಲ್ಕುಲೇಟರ್ ಬೇಡ.” ಆ ಧ್ವನಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಮ್ಯಾನೇಜರು ಬೆರಳಲ್ಲಿ ಚಟ್ನಿ ಇಟ್ಟುಕೊಂಡೇ ಗೀಟು ಎಣಿಸಿದರು. ತಪ್ಪಿತು. ಮೊದಲಿಂದ ಎಣಿಸಿದರು. ಈ ನಡುವೆ ಕೆಳಬೀದಿಯಲ್ಲಿ ಕಂಬಳಿಗಳೂ ಜೀಪುಗಳೂ ಒಂದು ಕರುವೂ ಒಟ್ಟಿಗೆ ಸ್ನಾನ ಮಾಡಿದವೆಂದು ಆಮೇಲೆ ಕೇಳಿದೆ.

ಫೋನು ಬಂತು. “ವಾಲ್ವ್ ಎತ್ತಿದೀನಿ.”

ಎಲ್ಲರನ್ನೂ ನಲ್ಲಿಯ ಹತ್ತಿರ ಕರೆದು, ಕವರು ಮತ್ತೆ ಬಿಗಿದು ನಲ್ಲಿ ತಿರುಗಿಸಿದೆ. ಖಾಲಿ ಕವರು ಬೆಂಡಾಗಿ ನೇತಾಡುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಆಮೇಲೆ ನಲ್ಲಿ ಬಿಕ್ಕಳಿಸಿತು. ಅಷ್ಟು ಸಂತೋಷ ಕೊಟ್ಟ ಬಿಕ್ಕಳಿಕೆಯನ್ನು ನಾನು ಬೇರೆ ಕೇಳಿಲ್ಲ. ಕವರು ಅಲುಗಿತು, ಹೊಟ್ಟೆ ಬಿಟ್ಟಿತು, ಎದ್ದು ನಿಂತಿತು. ಟೀಚರಮ್ಮ ಗುಂಡಿಯ ಪಕ್ಕ ಮಣೆ ಹಾಕಿ ಕೂತು ಮೀಟರಿನ ಕೆಂಪು ಅಂಕಿಗಳನ್ನು ಮಗ್ಗಿಯ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. “ಹತ್ತು... ಇಪ್ಪತ್ತು... ಮೂವತ್ತು ಲೀಟರು ಕೊಟ್ಟಿದೀರಿ. ಎಲ್ಲಿದೆ ತೋರ್ಸಿ ನೋಡನ?”

ಮ್ಯಾನೇಜರು ಬಗ್ಗಿದರು. ಮೀಟರು ನೋಡಿದರು, ಕವರು ನೋಡಿದರು. ಬೆರಳಿನಿಂದ ಕವರನ್ನು ಒತ್ತಿದರು. ಇನ್ನೂ ಹತ್ತಿರ ಹೋಗಿ ಕಿವಿ ಇಟ್ಟರು.

“ಸರ್, ದೂರ ನಿಲ್ರಿ,” ಎಂದರು ಇಂಜಿನಿಯರು.

ಗಾಳಿಯನ್ನು ದೂಡಿಕೊಂಡು ಬಂದ ನೀರು ಅದೇ ಹೊತ್ತಿಗೆ ಮುಟ್ಟಿತು. ಕವರು ಸಿಡಿಯಿತು. ಬಾಳೆನಾರು ಒಂದು ಕಡೆ, ಮ್ಯಾನೇಜರ ಕನ್ನಡಕ ಒಂದು ಕಡೆ. ತಲೆಯಿಂದ ಬೂಟಿನವರೆಗೆ ಅವರು ತೊಯ್ದುಹೋದರು. ಯಾರೂ ನಗಲಿಲ್ಲ. ನಗದೇ ಇರಲು ಪಟ್ಟ ಕಷ್ಟಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಣ್ಣ ಒಳಗೆ ಹೋಗಿ ಒಂದು ಒಗೆದ ಪಂಚೆ, ಶಲ್ಯ ತಂದು ಅವರ ಕೈಗಿಟ್ಟರು.

“ದೇವಸ್ಥಾನಕ್ಕೆ ಇದೇ ಒಳ್ಳೇದು,” ಎಂದರು.

ಮ್ಯಾನೇಜರು ಪಂಚೆ ಉಟ್ಟು ಹೊರಬಂದಾಗ ಸಿಟ್ಟಾಗಿರಲಿಲ್ಲ. ಪಂಚೆಯಲ್ಲಿ ಸಿಟ್ಟಾಗುವ ಅಭ್ಯಾಸ ಅವರಿಗೆ ಇರಲಿಲ್ಲವೆಂದು ಕಾಣುತ್ತದೆ. “ಇಲ್ಲೊಂದು ಏರ್ ವಾಲ್ವ್ ಬೇಕು,” ಎಂದು ಇಂಜಿನಿಯರಿಗೆ ಹೇಳಿದರು. “ಬಿಲ್ಲುಗಳನ್ನ ತಡೆಹಿಡಿಯಿರಿ.” ಆಮೇಲೆ ನನ್ನ ಕಡೆ ತಿರುಗಿ, “ವಾಲ್ವ್ ಯಾರ ಆರ್ಡರ್ ಮೇಲೆ ಕ್ಲೋಸ್ ಆಯ್ತು?” ಎಂದು ಕೇಳಿದರು.

“ನಂದು, ಸರ್.”

ಅವರು ತಲೆದೂಗಿ ಕಾರು ಹತ್ತಿದರು. ಹದಿನೈದು ದಿನ ಕಳೆದು ನನಗೊಂದು ಮೆಮೊ ಬಂತು. ಅಧಿಕಾರವಿಲ್ಲದೆ ಸರಬರಾಜು ನಿಲ್ಲಿಸಿದ್ದಕ್ಕೆ ವಿವರಣೆ ಕೊಡಿ ಎಂದಿತ್ತು. ನಡೆದದ್ದನ್ನೆಲ್ಲ, ಕಡುಬು ಒಂದನ್ನು ಬಿಟ್ಟು, ಎರಡು ಪುಟ ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ನನ್ನನ್ನು ಬಿಡಿಸಲೂ ಇಲ್ಲ.

ಏರ್ ವಾಲ್ವಿನ ಮಂಜೂರಾತಿ ಮಾತ್ರ ನಗರದಲ್ಲಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇತ್ತು. ಅಲ್ಲಿಯವರೆಗೆ ಏನು ಮಾಡುವುದು? ಇಂಜಿನಿಯರು ಒಂದು ಸಂಜೆ ಯೋಚಿಸಿ, ತೆಗೆದ ಬೀದಿ ನಲ್ಲಿಯನ್ನು ಗೋದಾಮಿನಿಂದ ಹುಡುಕಿಸಿ, ಟೀಚರಮ್ಮನ ಗೇಟಿನ ಪಕ್ಕ ಮತ್ತೆ ಹಾಕಿಸಿದರು. ಕಾಗದದಲ್ಲಿ ಅದನ್ನು ಬೀದಿ ನಲ್ಲಿ ಎಂದು ಬರೆಯುವಂತಿಲ್ಲ. ‘ತಾತ್ಕಾಲಿಕ ವಾಯು ವಿಮೋಚನಾ ಬಿಂದು’ ಎಂದು ಬರೆದರು. ಗಾಳಿ ಹೋದ ಮೇಲೆ ಅಲ್ಲಿ ನೀರು ಬರುತ್ತದೆ. ಆಗ ಅದನ್ನು ಮುಚ್ಚಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ. ಮೇಲಿನ ಬೀದಿಯ ಮೀಟರುಗಳು ಮುಂದಿನ ತಿಂಗಳೇ ಮನುಷ್ಯರ ಹಾಗೆ ಓಡತೊಡಗಿದವು.

ಆದರೆ ಕಂಪನಿಯಲ್ಲಿ ಲೆಕ್ಕವಿಲ್ಲದ ನಲ್ಲಿ ಇರುವಂತಿಲ್ಲ. ಅದಕ್ಕೂ ಮೀಟರು ಹಾಕಿ ಎಂದು ಆದೇಶ ಬಂತು. ಗಾಳಿ ಹೋಗುವ ಬಾಯಿಯನ್ನು ಮೀಟರಿಗೆ ಮೊದಲೇ ಬೇರೆಯಾಗಿ ತೆಗೆದು, ನೀರಿಗೆ ಮಾತ್ರ ಮೀಟರು ಬರುವ ಹಾಗೆ ವಾಲ್ವಿನವರು ಜೋಡಿಸಿಕೊಟ್ಟರು. ಇಂಜಿನಿಯರು ಮೊಬೈಲು ಹಿಡಿದು ನೋಂದಾಯಿಸಲು ನಿಂತರು. ಗ್ರಾಹಕರ ಹೆಸರು ಕೇಳಿತು. ಕೊಡ ಹಿಡಿದು ನಿಂತವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಸರು ಹೇಳಿದರು. ಆ್ಯಪಿಗೆ ಅಷ್ಟು ಹೆಸರು ಹಿಡಿಯಲಿಲ್ಲ.

“‘ಎಲ್ಲರೂ’ ಅಂತ ಹಾಕಿ ಮಾರಾಯ್ರೆ,” ಎಂದರು ವಾಲ್ವಿನವರು.

ಹಾಕಿದರು, ತೆಗೆದುಕೊಂಡಿತು. ಆಮೇಲೆ ಮೊಬೈಲ್ ನಂಬರು ಕೇಳಿತು. ಇಂಜಿನಿಯರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಸುತ್ತ ಒಮ್ಮೆ ನೋಡಿ, ತಮ್ಮದೇ ನಂಬರು ಒತ್ತಿದರು.

ಮರುವರ್ಷ ಅವರಿಗೆ ಊರ ಕಡೆಗೇ ವರ್ಗವಾಯಿತು. ನಂಬರು ಬದಲಿಸಲು ಆ್ಯಪಿನಲ್ಲಿ ದಾರಿಯಿಲ್ಲ. ನಾನು ಇಲ್ಲಿ ಆ ನಲ್ಲಿಯ ಮೀಟರು ಓದಿ ಕಳಿಸಿದ ಕೂಡಲೇ ಬಿಜಾಪುರದ ಬಿಸಿಲಿನಲ್ಲಿ ಅವರ ಫೋನಿಗೆ ಬಿಲ್ಲಿನ ಮೆಸೇಜು ಹೋಗುತ್ತದೆ. ಹೋದ ತಿಂಗಳು ಅವರೇ ಫೋನು ಮಾಡಿದ್ದರು.

“ಅಕ್ಕಾರ, ಈ ತಿಂಗಳು ನಾ ಭಾಳ ನೀರು ಕುಡದೇನಲ್ರಿ. ಅಲ್ಲೆ ಎಲ್ಲಾರೂ ಆರಾಮದಾರಲ್ಲ?”

“ಆರಾಮ, ಸರ್,” ಎಂದೆ. “ಒಂದು ಮದುವೆ ಇತ್ತು.”